ಅವ್ವೆ ಪಂಕ್ತಿಗೆ ಕೂತ ದಿನ

ಆ ಸಿನಿಮಾವನ್ನು ನೀವು ನೋಡಿರಲಿಕ್ಕಿಲ್ಲ. ಹೊನ್ನಾವರದಲ್ಲಿ ಅದನ್ನು ನೋಡಿದವರನ್ನೆಲ್ಲ ಒಟ್ಟು ಮಾಡಿದರೆ ಒಂದು ರಿಕ್ಷಾ ತುಂಬುವುದೂ ಕಷ್ಟ. ಅದು ಥಿಯೇಟರಿಗೆ ಬರಲೇ ಇಲ್ಲ. ಒಂದು ವರ್ಷ ಎಲ್ಲೆಲ್ಲೋ ಸುತ್ತಿ, ಕಡೆಗೆ ಮೊಬೈಲಿನಲ್ಲಿ ನೋಡುವ ಯಾವುದೋ ಆ್ಯಪಿನ ತಳದಲ್ಲಿ ಹೋಗಿ ಕೂತಿದೆ. ನೋಡಿದ ನಾಲ್ಕಾರು ಜನ, ಆ ಅಜ್ಜಿಯ ಮುಖ ನೋಡಿದ ಮೇಲೆ ತಮಗೆ ಊಟ ಸೇರಲಿಲ್ಲ ಎಂದು ಕೆಳಗೆ ಬರೆದಿದ್ದಾರೆ. ಎಂಥ ನಟನೆ ಎಂದು ಹೊಗಳಿದ್ದಾರೆ. ಆ ಅಜ್ಜಿ ನನ್ನ ತಾಯಿ. ಅವಳು ನಟಿಸಿರಲಿಲ್ಲ. ಅಷ್ಟನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಖಾನಾವಳಿ ಇದೆ. ಐದು ಟೇಬಲ್, ಒಂದು ಒಲೆ, ಒಂದು ಗ್ಯಾಸು. ಅದಕ್ಕೂ ಮುಂಚೆ ಮುರ್ಡೇಶ್ವರದ ಹೋಟೆಲೊಂದರ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ಮೀನು ಕತ್ತರಿಸಿ ಮಸಾಲೆ ರುಬ್ಬಿದವಳು ನಾನು. ಉಂಡವರು ಹೊಗಳುತ್ತಿದ್ದದ್ದು ಬಡಿಸುವವನನ್ನು, ಇಲ್ಲವೇ ಗಲ್ಲೆಯ ಮೇಲೆ ಕೂತ ಧಣಿಯನ್ನು. ಗೋಡೆಯ ಹಿಂದೆ ಒಬ್ಬಳಿದ್ದಾಳೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಹೊಗಳಲಿ ಎಂದು ನಾನೇನೂ ಕಾದು ಕೂತಿರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಸುಳ್ಳು. ಕಾದೇ ಕೂತಿದ್ದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎನ್ನುತ್ತಾನೆ ನನ್ನ ಗಂಡ. ಅವನು ಮಲ್ಪೆಯ ಬೋಟಿನಲ್ಲಿ ದುಡಿಯುವವನು. ಒಮ್ಮೆ ಕಡಲಿಗೆ ಹೋದರೆ ಎಂಟು ಹತ್ತು ದಿನ ಸುದ್ದಿಯಿಲ್ಲ. ಅಷ್ಟು ದೂರದಲ್ಲಿದ್ದುಕೊಂಡು ಹೆಂಡತಿಯ ಮೂಗಿನ ಬಗ್ಗೆ ಮಾತಾಡುವುದು ಸುಲಭ. ಆದರೆ ಅವನು ಹೇಳುವುದು ಖರೆ. ಸಾರಿಗೆ ಉಪ್ಪು ಕಮ್ಮಿ ಎಂದ ಗಿರಾಕಿಗೆ ಉಪ್ಪಿನ ಡಬ್ಬಿಯನ್ನೇ ತಂದು ಎಲೆಯ ಮುಂದೆ ಕುಕ್ಕಿದವಳು ನಾನು. ಬೇಕಾದ ದಿನ ಮಾತ್ರ ಆ ಸಿಟ್ಟು ಎಲ್ಲಿ ಹೋಗಿ ಅಡಗಿತ್ತೋ ಗೊತ್ತಿಲ್ಲ.

ಶಿವರಾತ್ರಿ ಕಳೆದು ಸೆಕೆ ಏರುತ್ತಿದ್ದ ದಿನಗಳಲ್ಲಿ ಆ ಸಿನಿಮಾದ ನಿರ್ದೇಶಕ ನನ್ನ ಖಾನಾವಳಿಗೆ ಊಟಕ್ಕೆ ಬಂದ. ಬೆಂಗಳೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು, ಮಾತು ಮೆತ್ತಗೆ. ಬಂಗಡೆ ಸಾರು ಉಂಡು, ಎಲೆ ಮಡಚಿ, ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನಾನು ಒಳಗೆ ಬಡಿಸಿಕೊಳ್ಳುತ್ತಿದ್ದೆ. ‘ಅಕ್ಕಾ, ನಿಮ್ಮ ಕೈ ನೋಡ್ತಾ ಇದ್ದೆ. ಸೌಟು ಹಿಡಿಯೋದೇ ಬೇರೆ ಥರ ಇದೆ’ ಎಂದ. ನಲವತ್ತಾರು ವರ್ಷದಲ್ಲಿ ನನ್ನ ಕೈಯನ್ನು ಹಾಗೆ ನೋಡಿದವರು ಯಾರೂ ಇರಲಿಲ್ಲ. ನನ್ನ ಗಂಡನೂ ಇಲ್ಲ ಎಂದು ಬರೆದರೆ ಅವನು ಬೇಜಾರು ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲಿ.

ಅವನ ಸಿನಿಮಾದ ಕಥೆ ಪೂರ್ತಿ ಒಂದು ಊಟದ್ದು. ದೊಡ್ಡ ಮನೆ, ಅಜ್ಜ ತೀರಿಹೋಗಿದ್ದಾನೆ, ಬಾಳೆಲೆ ಹಾಸಿ ಮನೆಮಂದಿ ಪಂಕ್ತಿಯಲ್ಲಿ ಉಣ್ಣಲು ಕೂತಿದ್ದಾರೆ. ಪಂಕ್ತಿಯ ಮೊದಲಿಗೆ ಅಜ್ಜಿ. ಹಿರಿಯರು ಏಳುವ ತನಕ ಪಂಕ್ತಿಯಿಂದ ಯಾರೂ ಏಳಬಾರದಲ್ಲ, ಅದೇ ಕಥೆಯ ಬೀಗ. ಕೂತವರಲ್ಲೇ ಒಬ್ಬನು ಅಜ್ಜನಿಗೆ ವಿಷ ಹಾಕಿದ್ದಾನೆ. ಯಾರೆಂದು ಅಜ್ಜಿಗೆ ಗೊತ್ತಿಲ್ಲ, ಅವನಾಗಿಯೇ ಬಾಯಿಬಿಡುವ ತನಕ ಅವಳು ಏಳುವುದಿಲ್ಲ. ಉಣ್ಣುತ್ತಲೇ ಇರುತ್ತಾಳೆ. ಉಳಿದವರ ಕೈ ಒಣಗುತ್ತದೆ, ಒಬ್ಬೊಬ್ಬರ ಮುಖ ಬಿಗಿಯುತ್ತದೆ, ಯಾರೂ ಏಳುವ ಹಾಗಿಲ್ಲ. ಕೇಳಿ ನನ್ನ ಮೈ ಜುಮ್ಮೆಂದಿತು. ಅಡುಗೆ ಪೂರ್ತಿ ನೀವೇ ಮಾಡಿ, ಬಡಿಸುವ ಕೈಯೂ ನಿಮ್ಮದೇ ಇರಲಿ, ಮುಖ ಕಾಣುವುದಿಲ್ಲ ಎಂದ. ಮುಖ ಯಾರಿಗೆ ಬೇಕಿತ್ತು? ನಾನು ಒಪ್ಪಿಕೊಂಡೆ.

ಶರಾವತಿ ದಂಡೆಯ ಹಳೆಯ ಹಂಚಿನ ಮನೆಯೊಂದನ್ನು ಅವರು ಬಾಡಿಗೆಗೆ ಹಿಡಿದಿದ್ದರು. ಅಜ್ಜಿಯ ಪಾತ್ರಕ್ಕೆ ಬೆಂಗಳೂರಿನಿಂದ ಬಂದಿದ್ದ ಹೆಂಗಸು ಶೂಟಿಂಗಿನ ಹಿಂದಿನ ಸಂಜೆ ಯಾವುದೋ ಅಂಗಡಿಯಲ್ಲಿ ಶೆಟ್ಲಿ ಹುರಿದದ್ದು ತಿಂದಳು. ಸಿಗಡಿ ಅವಳ ಮೈಗೆ ಆಗುವುದಿಲ್ಲವಂತೆ. ಬೆಳಗಾಗುವುದರೊಳಗೆ ಕಣ್ಣು ತುಟಿ ಎಲ್ಲ ಊದಿ, ಕಾರಿನಲ್ಲಿ ಮಲಗಿಸಿ ವಾಪಸು ಕಳಿಸಿದರು. ನಿರ್ದೇಶಕ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಅವನ ಕಣ್ಣಿಗೆ ಬಿದ್ದವಳು ನನ್ನ ಅವ್ವೆ. ನನಗೆ ಒಣಮೀನು ಕೊಡಲೆಂದು ತೆಂಗಿನಗುಂಡಿಯಿಂದ ಬೆಳಗಿನ ಬಸ್ಸಿಗೆ ಬಂದವಳು, ಖಾನಾವಳಿಗೆ ಬೀಗ ಕಂಡು ಕೇಳಿಕೊಂಡು ಶೂಟಿಂಗ್ ಮನೆಗೇ ಬಂದಿದ್ದಳು. ಹಿತ್ತಲ ಮೆಟ್ಟಿಲ ಮೇಲೆ ಕೂತು ನನಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದಳು.

ಅವ್ವೆಯ ಬಗ್ಗೆ ಎರಡು ಮಾತು. ನಲವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತು ಭಟ್ಕಳದ ಪೇಟೆಯಲ್ಲಿ, ಕೇರಿಕೇರಿಯಲ್ಲಿ ಮೀನು ಮಾರಿದವಳು. ನವಾಯತರ ಮನೆಯಲ್ಲಿ ಅವರ ಮಾತು, ಕೊಂಕಣಿಗರ ಮನೆಯಲ್ಲಿ ಅವರ ಮಾತು, ಚೌಕಾಸಿ ಮಾತ್ರ ಎಲ್ಲ ಕಡೆ ಒಂದೇ. ಮನೆಗೆ ಬಂದು ಅವಳು ಉಣ್ಣುವಾಗ ಮೂರು ಗಂಟೆ ದಾಟಿರುತ್ತಿತ್ತು. ಪಂಕ್ತಿಯ ಮೊದಲಿಗೆ ಕೂರುವುದಿರಲಿ, ಅವಳು ಯಾರ ಜೊತೆಗಾದರೂ ಕೂತು ಉಂಡದ್ದನ್ನು ನಾನು ನೋಡಿದ್ದು ಕಮ್ಮಿ. ಎಲ್ಲರದ್ದೂ ಆದ ಮೇಲೆ ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದಳು. ಈಗ ಸಕ್ಕರೆ ಕಾಯಿಲೆ ಇದೆ, ಒಂದು ಹಿಡಿ ಅನ್ನಕ್ಕಿಂತ ಹೆಚ್ಚು ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಇದು ನನಗೆ ಗೊತ್ತಿತ್ತು.

‘ಅಜ್ಜಿ, ಸುಮ್ಮನೆ ಕೂತು ಊಟ ಮಾಡೋದು, ಅಷ್ಟೇ’ ಎಂದು ನಿರ್ದೇಶಕ ಕೇಳಿಕೊಂಡಾಗ ಅವ್ವೆ ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

‘ನಾನೆಂತ ಸಿನಿಮಾ ಮಾಡುದೇ ತಂಗಿ?’ ಎಂದಳು. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

‘ಕೂತ್ಕೋ ಅವ್ವೆ. ಒಂದು ದಿನದ ಕೆಲ್ಸ. ನಾನೇ ಬಡಿಸ್ತೆ’ ಎಂದೆ.

‘ನೀ ಬಡಿಸುದಾದ್ರೆ ಆತು’ ಎಂದು ಕೈ ತೊಳೆದುಕೊಂಡು ಎದ್ದಳು.

ಜಗುಲಿಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದರು. ಹೊರಗೆ ಹೊಳೆಯ ಮೇಲೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಎಷ್ಟು ಹೊತ್ತಾಯಿತೆಂದು ತಿಳಿಯುವ ಹಾಗಿಲ್ಲ. ಅನ್ನದ ಹಬೆ ನೆಟ್ಟಗೆ ಮೇಲೇಳಬೇಕೆಂದು ಫ್ಯಾನು ಬಂದ್. ದೊಡ್ಡ ದೊಡ್ಡ ದೀಪದ ಕಾವಿಗೆ ಗೋಡೆಯೂ ಬೆವರುತ್ತಿತ್ತು. ಅವ್ವೆಯನ್ನು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ಆಚೀಚೆ ಸರಿಯಬಾರದೆಂದು ಮಣೆಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಪ್ರತಿಯೊಬ್ಬರ ಬೆನ್ನ ಹಿಂದೆ ಒಂದೊಂದು ಬಾಲ್ದಿ. ಯಾಕೆಂದರೆ ಒಂದೇ ದೃಶ್ಯವನ್ನು ಹತ್ತು ಸಲ ತೆಗೆಯುತ್ತಾರೆ, ಹತ್ತು ಸಲ ನುಂಗಿದರೆ ಯಾರ ಹೊಟ್ಟೆಯೂ ತಾಳುವುದಿಲ್ಲ. ಕಟ್ ಎಂದ ಕೂಡಲೇ ನಟರೆಲ್ಲ ಹಿಂದೆ ತಿರುಗಿ ಬಾಯಲ್ಲಿದ್ದದ್ದನ್ನು ಬಾಲ್ದಿಗೆ ಉಗುಳುತ್ತಿದ್ದರು.

ಅವ್ವೆಗೆ ಅದನ್ನು ವಿವರಿಸಿದಾಗ ಅವಳು ಬಾಯಿಗೆ ಸೆರಗು ಹಿಡಿದಳು. ‘ಬಾಯಿಗೆ ಹಾಕಿದ್ದು ಬಾಲ್ದಿಗೆ ಉಗುಳುದಾ? ನಾನೆಂತ ಪಾನ್ ತಿಂತಿದ್ನಾ?’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊದಲ ಟೇಕ್ ಮುಗಿದು ಎಲೆ ತೆಗೆಯಲು ಬಂದಾಗ ಅವಳು ಕೈ ಅಡ್ಡ ಹಿಡಿದು, ‘ತಡೀರಿ, ಅನ್ನ ಇದ್ದು ಇನ್ನೂ’ ಎಂದು ಎಲೆಯಲ್ಲಿದ್ದದ್ದನ್ನೆಲ್ಲ ಉಂಡು, ಬಂಗಡೆಯ ಮುಳ್ಳನ್ನು ಒಂದು ಬದಿಗೆ ಜೋಡಿಸಿ, ಆಮೇಲೆ ಎಲೆ ಬಿಟ್ಟುಕೊಟ್ಟಳು. ಮತ್ತೆ ಹೊಸ ಎಲೆ. ಮೊದಲಿನಷ್ಟೇ ಅನ್ನ, ಅದೇ ಜಾಗದಲ್ಲಿ ಮೀನು, ಅದೇ ಬದಿಯಲ್ಲಿ ಉಪ್ಪಿನಕಾಯಿ. ಹಿಂದಿನದಕ್ಕೂ ಮುಂದಿನದಕ್ಕೂ ತಾಳೆ ಆಗಬೇಕಂತೆ.

ಅವಳು ಯಾಕೆ ಹಾಗೆ ಮಾಡುತ್ತಾಳೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮನೆಯ ಗಂಡಸು ಕಡಲ ಮೇಲಿರುವಾಗ ಮನೆಯ ಹೆಂಗಸು ಎಲೆಯಲ್ಲಿ ಅನ್ನ ಬಿಡಬಾರದು, ಉಗುಳಬಾರದು, ಚೆಲ್ಲಬಾರದು. ಇದು ಅವ್ವೆಯ ಅತ್ತೆ ಅವಳಿಗೆ ಹೇಳಿಕೊಟ್ಟ ನಡಾವಳಿ. ಅಪ್ಪ ಬದುಕಿರುವ ತನಕ ಅಪ್ಪನಿಗಾಗಿ ಪಾಲಿಸಿದಳು. ಅಪ್ಪ ಮನೆಯಲ್ಲೇ ಜ್ವರ ಬಂದು ತೀರಿಕೊಂಡ ಮೇಲೆ ನನ್ನ ಗಂಡನಿಗಾಗಿ ಪಾಲಿಸತೊಡಗಿದಳು. ನಾನು ಪಾಲಿಸುತ್ತಿರಲಿಲ್ಲ. ಖಾನಾವಳಿ ನಡೆಸುವವಳಿಗೆ ಚೆಲ್ಲದೆ ಇರಲು ಆಗುತ್ತದೆಯೇ? ಆ ದಿನ ಅವನು ಕಡಲಿಗೆ ಹೋಗಿ ಐದು ದಿನವಾಗಿತ್ತು. ಎರಡನೆಯ ಎಲೆಗೆ ಬಡಿಸಲು ಬಗ್ಗಿದಾಗ ಅವ್ವೆ ಮೆಲ್ಲಗೆ, ‘ಅಂವ ಕಡಲ ಮೇಲಿದ್ದಾ ಅಲ್ದಾ’ ಎಂದಳು. ನಾನು ಹೂಂ ಎಂದೆ.

ಇದನ್ನು ನಾನು ನಿರ್ದೇಶಕನಿಗೆ ಹೇಳಿದೆ. ಅವ್ವೆಯನ್ನು ಬಿಡಿಸಲು ಹೇಳಿದ್ದಲ್ಲ, ನಮ್ಮ ಕಡೆಯ ಒಂದು ತಮಾಷೆ ಎಂಬಂತೆ ಹೇಳಿದೆ. ಅವನ ಕಣ್ಣು ಅರಳಿತು. ‘ಅದ್ಭುತ ಅಕ್ಕಾ. ಹಾಗೇ ಇರಲಿ. ಅವರನ್ನ ತಡೀಬೇಡಿ’ ಎಂದ. ಅಲ್ಲಿಂದ ಮುಂದೆ ಕಟ್ ಎಂದ ಮೇಲೂ ಕ್ಯಾಮೆರಾ ಅವ್ವೆಯ ಮೇಲೇ ಇರುತ್ತಿತ್ತು. ಉಳಿದವರು ಎದ್ದು ಗಾಳಿಗೆ ಹೋಗಿ ಬರುವಾಗ ಅವಳು ಗೆರೆಯೊಳಗೆ ಕೂತು ಎಲೆ ಖಾಲಿ ಮಾಡುತ್ತಿದ್ದಳು.

ನಾಲ್ಕನೆಯ ಎಲೆಯ ಹೊತ್ತಿಗೆ ಅವಳ ತಮಾಷೆ ನಿಂತಿತ್ತು. ಕುತ್ತಿಗೆಯ ಬೆವರು ರವಿಕೆಗೆ ಇಳಿದಿತ್ತು. ಹಿತ್ತಲಿಗೆ ಹೋಗಿಬರುತ್ತೇನೆ ಎಂದು ಕೇಳಿದಳು. ಸೀರೆಯ ಮಡಿಕೆ ಬದಲಾಗುತ್ತದೆ, ಇದೊಂದು ಮುಗಿಯಲಿ ಅಜ್ಜಿ ಎಂದರು. ಅವಳು ಮತ್ತೆ ನನ್ನ ಕಡೆ ನೋಡಿದಳು. ನಾನು ಪಾತ್ರೆಯೊಳಗೆ ಸೌಟು ಆಡಿಸುತ್ತ ನಿಂತೆ. ಬಾಗಿಲಿಗೆ ಯಾರೂ ಬೀಗ ಹಾಕಿರಲಿಲ್ಲ. ‘ಏಳು ಅವ್ವೆ’ ಎಂಬ ಎರಡು ಮಾತು ಸಾಕಿತ್ತು. ಆದರೆ ಆ ಎರಡು ಮಾತಾಡಿದರೆ ಇಪ್ಪತ್ತು ಜನ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ, ಬೆಳಗಿನಿಂದ ತೆಗೆದದ್ದೆಲ್ಲ ಹಾಳು, ಅಕ್ಕನ ಕೈ ಅಕ್ಕನ ಕೈ ಎನ್ನುತ್ತಿದ್ದವನ ಬಾಯಿ ಮುಚ್ಚುತ್ತದೆ. ಅವನು ನನ್ನ ಬಾಯಿಗೆ ಹಾಕಿದ್ದ ಹೊಗಳಿಕೆ ಬಿಸಿತುಪ್ಪವಾಗಿತ್ತು, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಅವ್ವೆಗೂ ಇಷ್ಟವೇ ಇರಬೇಕು, ಇಲ್ಲದಿದ್ದರೆ ಅವಳೇ ಎದ್ದು ಬರುತ್ತಿದ್ದಳು ಎಂದು ಮನಸ್ಸಿಗೆ ಹೇಳಿಕೊಂಡೆ. ಅವಳು ಏಳುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳಿಕೊಂಡೆ. ನಾನು ಕೂರಿಸಿದ ಜಾಗದಿಂದ ನಾನು ಹೇಳದೆ ಅವಳು ಏಳುವವಳಲ್ಲ.

ಕಡೆಯ ಟೇಕ್ ಅವಳ ಮುಖದ್ದು. ಏಳನೆಯ ಎಲೆ. ನಾನು ಅನ್ನ ಬಡಿಸಿದೆ, ಸಾರು ಬಡಿಸಲು ಬಗ್ಗಿದೆ. ಅವ್ವೆ ಎಡಗೈಯನ್ನು ನೆಲಕ್ಕೆ ಊರಿ, ಬಲಗೈಯನ್ನು ಎಲೆಯ ಮೇಲೆ ಅಗಲಿಸಿ ಹಿಡಿದಳು. ಹಾಗೆ ಕೈ ಅಡ್ಡ ಹಿಡಿದ ಮೇಲೆ ನಮ್ಮ ಊರಲ್ಲಿ ಯಾವ ಹೆಂಗಸೂ ಬಡಿಸುವುದಿಲ್ಲ. ಬಡಿಸುವವಳು ನಗುತ್ತ ಒಮ್ಮೆ ಒತ್ತಾಯ ಮಾಡುತ್ತಾಳೆ, ಆಮೇಲೆ ಮುಂದಿನ ಎಲೆಗೆ ಹೋಗುತ್ತಾಳೆ. ‘ಸಾಕು ತಂಗಿ’ ಎಂದಳು. ಕ್ಯಾಮೆರಾದ ಹಿಂದಿನಿಂದ ನಿರ್ದೇಶಕ, ‘ಬಡಿಸಿ ಅಕ್ಕಾ, ಬಡಿಸಿ, ನಿಲ್ಲಿಸಬೇಡಿ’ ಎಂದ. ಸಿನಿಮಾದ ಮಾತನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದರಿಂದ ಅವನು ನಡುವೆ ಮಾತಾಡಬಹುದಿತ್ತು. ಅವ್ವೆ ಇನ್ನೊಮ್ಮೆ ಸಾಕು ಎಂದಳು. ನಾನು ಸೌಟು ಬಗ್ಗಿಸಿದೆ. ಬಿಸಿ ಸಾರು ಬೆರಳಿಗೆ ತಾಗಿದ ಮೇಲೆ ಅವಳು ಕೈ ಹಿಂದಕ್ಕೆ ತೆಗೆದಳು.

ಆಮೇಲೆ ಅದನ್ನೂ ಉಂಡಳು.

ಕಟ್ ಎಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ನಿರ್ದೇಶಕ ಬಂದು ಅವ್ವೆಯ ಕಾಲು ಮುಟ್ಟಿದ. ಆ ಕಾಲು ಜೋಮು ಹಿಡಿದು ಅವಳಿಗೆ ಏಳಲು ಆಗುತ್ತಿರಲಿಲ್ಲ, ಇಬ್ಬರು ಹಿಡಿದು ಎತ್ತಿದರು. ಉಟ್ಟ ಸೀರೆ ಒದ್ದೆಯಾಗಿತ್ತು. ಅದನ್ನು ಯಾರೂ ನೋಡದ ಹಾಗೆ ನಾನು ನನ್ನ ಟವೆಲ್ ಸುತ್ತಿ ಹಿತ್ತಲಿಗೆ ಕರೆದೊಯ್ದೆ. ಅಲ್ಲಿ ತೆಂಗಿನ ಮರದ ಬುಡದಲ್ಲಿ ಅವಳು ವಾಂತಿ ಮಾಡಿಕೊಂಡಳು. ಬೆಳಗಿನಿಂದ ಉಂಡದ್ದೆಲ್ಲ ಹೋಯಿತು. ಬೆನ್ನು ನೀವಲು ಹೋದ ನನ್ನ ಕೈ ತಳ್ಳಿ, ಅವಳು ಮಂಡಿಯೂರಿ ಕೂತು ಕೈಯಿಂದ ಮಣ್ಣು ಕೆದರಿ ಅದರ ಮೇಲೆ ಮುಚ್ಚತೊಡಗಿದಳು.

‘ಚೆಲ್ಲಿ ಹೋತಲ್ಲೇ’ ಎಂದಳು. ‘ಅಂವಗೆ ಫೋನ್ ಮಾಡು. ಎಲ್ಲಿದ್ದಾ ಕೇಳು.’

ನಡುಕಡಲಲ್ಲಿ ಫೋನು ಎಲ್ಲಿ ಸಿಗುತ್ತದೆ? ಅದು ಅವಳಿಗೂ ಗೊತ್ತು. ಆದರೂ ಮೂರು ದಿನ ಅದೊಂದೇ ಮಾತು. ಆ ಸಂಜೆಯೇ ಸಕ್ಕರೆ ಏರಿ ಕಣ್ಣು ಮಂಜಾಗಿ, ಕುಮಟಾದ ಆಸ್ಪತ್ರೆಗೆ ಸೇರಿಸಿದೆವು. ಸಲೈನಿನ ಸೂಜಿ ಚುಚ್ಚಿದ ಕೈಯಲ್ಲೇ ನನ್ನ ಮೊಬೈಲು ಹಿಡಿದು ಮಲಗಿದ್ದಳು. ಗಾಳಿ ಬೀಸಿದರೆ ಎದ್ದು ಕಿಟಕಿ ನೋಡುತ್ತಿದ್ದಳು. ನಾನು ಆ ನಡಾವಳಿಯನ್ನು ನಂಬದವಳು. ಆ ಮೂರು ದಿನ ನಂಬಿದೆ. ಮೂರನೆಯ ದಿನ ಮಧ್ಯಾಹ್ನ ಬೋಟು ಮಲ್ಪೆಗೆ ಬಂದು ಅವನ ಫೋನು ಬಂದಾಗ ಅವ್ವೆ ಅವನ ಧ್ವನಿ ಕೇಳಿ, ಊಟ ಆಯಿತಾ ಎಂದಷ್ಟೇ ಕೇಳಿ, ನನಗೆ ಗಂಜಿ ತರಲು ಹೇಳಿದಳು.

ಏನಾಯಿತೆಂದು ಕೇಳಿದವರಿಗೆಲ್ಲ ನಾನು ಒಂದೇ ಕಥೆ ಹೇಳಿದೆ. ಅವ್ವೆಗೆ ಸಿನಿಮಾ ಹುಚ್ಚು ಹಿಡಿದಿತ್ತು, ಬೇಡ ಬೇಡವೆಂದರೂ ಮಗಳ ಕೈಯಡುಗೆ ಎಂದು ಉಂಡೇ ಉಂಡಳು, ಊಟ ಬಲ್ಲವನಿಗೆ ರೋಗವಿಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ ಎಂದು. ನನ್ನ ಗಂಡ ನಕ್ಕ, ನಾದಿನಿ ನಕ್ಕಳು, ತೆಂಗಿನಗುಂಡಿಯ ಅಕ್ಕಪಕ್ಕದವರು ಅವ್ವೆಯನ್ನು ಹೀರೋಯಿನ್ ಎಂದು ಕರೆಯತೊಡಗಿದರು. ಅವಳು ಯಾರಿಗೂ ಎದುರು ಹೇಳಲಿಲ್ಲ. ಅವಳೂ ನಗುತ್ತಿದ್ದಳು. ಹಾಗೆ ಒಂದು ವರ್ಷ ಕಳೆಯಿತು. ಹೇಳಿದ್ದನ್ನೇ ಹೇಳುತ್ತ ನನಗೂ ಅದು ನಿಜವೆನ್ನಿಸುವ ಹಂತಕ್ಕೆ ಬಂದಿತ್ತು. ಆದರೆ ಅವ್ವೆ ಉಣ್ಣಲು ಕೂತಾಗ ಬಡಿಸುವುದನ್ನು ಮಾತ್ರ ನಾನು ಬಿಟ್ಟಿದ್ದೆ. ಪಾತ್ರೆಯನ್ನು ಅವಳ ಮುಂದಿಟ್ಟು ಏನೋ ಕೆಲಸ ನೆನಪಾದಂತೆ ಹೊರಗೆ ಹೋಗುತ್ತಿದ್ದೆ.

ಸಿನಿಮಾ ಆ್ಯಪಿನಲ್ಲಿ ಬಂದಿದೆ ಎಂದು ನಿರ್ದೇಶಕ ಮೆಸೇಜು ಕಳಿಸಿದ ವಾರವೇ ಅವ್ವೆ ಬಂದಿದ್ದಳು. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಖಾನಾವಳಿಯ ಬಾಗಿಲು ಅರ್ಧ ಎಳೆದು, ಮೊಬೈಲನ್ನು ನೀರಿನ ಜಗ್ಗಿಗೆ ಆನಿಸಿಟ್ಟು ಇಬ್ಬರೂ ಕೂತೆವು. ಅವಳಿಗೆ ಮೊದಲು ತಮಾಷೆಯೇ. ‘ಹೋಯ್, ನನ್ನ ಮೂಗು ಎಷ್ಟು ದೊಡ್ಡ!’ ಎಂದಳು. ಪಕ್ಕದಲ್ಲಿ ಕೂತ ಸೊಸೆಯ ಪಾತ್ರದವಳು ಅಳುವಾಗ, ‘ಇವಳು ಒಳ್ಳೆ ಹೆಣ್ಣು, ನಂಗೆ ನೀರು ಕೊಟ್ಟಿದ್ಲು’ ಎಂದಳು. ಕಥೆ ಬಿಗಿಯಾಗುತ್ತ ಹೋಯಿತು. ವಿಷ ಹಾಕಿದವನು ಯಾರು ಎಂದು ತಿಳಿಯುವ ಹೊತ್ತು. ತೆರೆಯ ತುಂಬ ಅವ್ವೆಯ ಮುಖ. ಅದು ಸಂಶಯದ ಮುಖ, ಸೇಡಿನ ಮುಖ ಎಂದು ನೋಡಿದವರಿಗೆ ಅನ್ನಿಸಬೇಕು, ಹಾಗೆ ಸಂಗೀತ ಹಾಕಿದ್ದಾರೆ. ಅಷ್ಟರಲ್ಲಿ ಚೌಕಟ್ಟಿನ ಬದಿಯಿಂದ ಒಂದು ಕೈ ಬಂತು. ಹಸಿರು ಬಳೆ, ಮಣಿಕಟ್ಟಿನ ಹತ್ತಿರ ಎಣ್ಣೆ ಸಿಡಿದ ಕಲೆ. ಅವ್ವೆ ಎಲೆಯ ಮೇಲೆ ಕೈ ಹಿಡಿದಳು. ತುಟಿ ಅಲುಗಿತು. ಮಾತು ಕೇಳಿಸಲಿಲ್ಲ, ಬರೀ ಪಿಟೀಲು. ಕೈ ನಿಲ್ಲಲಿಲ್ಲ.

ನನಗೆ ಮೊಬೈಲು ಬಂದ್ ಮಾಡಬೇಕೆನಿಸಿತು, ಬೆರಳು ಏಳಲಿಲ್ಲ. ಅವ್ವೆ ತೆರೆಯನ್ನೇ ನೋಡುತ್ತಿದ್ದಳು.

‘ಸಾಕು ಅಂದಿದ್ದೆ ನಾನು, ಎರಡು ಸಲ’ ಎಂದಳು. ಆಮೇಲೆ ಅವಳೇ, ‘ಆ ಗಲಾಟೆಲಿ ನಿಂಗೆ ಕೇಳ್ಲಿಲ್ಲ ಅಲ್ದಾ?’ ಎಂದಳು.

ಅವಳು ನನಗೆ ದಾರಿ ಮಾಡಿಕೊಡುತ್ತಿದ್ದಳು. ಹೌದು ಎಂದರೆ ಮುಗಿಯುತ್ತಿತ್ತು. ಆ ದೀಪ, ಆ ಸೆಕೆ, ಆ ನಿರ್ದೇಶಕನ ಬೊಬ್ಬೆ, ಯಾರಿಗೆ ಏನು ಕೇಳುತ್ತದೆ? ಹೌದು ಎನ್ನಲು ನಾನು ಬಾಯಿ ತೆರೆದದ್ದೂ ನಿಜ. ಒಂದು ವರ್ಷದಿಂದ ಅದೇ ಮಾತು ನಾಲಿಗೆಯ ತುದಿಯಲ್ಲಿತ್ತು.

‘ಕೇಳಿತ್ತು ಅವ್ವೆ’ ಎಂದೆ. ಅಳು ಬಂತು. ‘ಎರಡು ಸಲವೂ ಕೇಳಿತ್ತು.’

ಅವಳು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

‘ಗೊತ್ತಿತ್ತು’ ಎಂದಳು. ‘ನೀ ನನ್ನ ಮುಖ ನೋಡ್ಕಂತೇ ಬಡಿಸಿದ್ದೆ.’